ಮಕ್ಕಳ ಕೈಗೂ ಹಿಟ್ಟು ಹತ್ತಲಿ

ಬಿಳಿಜೋಳ, ಕಡಲೆ, ಗೋಧಿ ಈ ಮೂರನ್ನೂ ಬೆಳೆಯುವ ರೈತನ ಮನೆಯಲ್ಲಿ ಚಿಕ್ಕ ಮಗು ಬೆಳಿಗ್ಗೆ ಎದ್ದು ಮೊದಲು ಏನು ತಿನ್ನುತ್ತದೆ ಎಂಬುದನ್ನು ರೈತ ಬಾಂಧವರು ಒಮ್ಮೆ ಗಮನಿಸಬೇಕು. ರೋಣ ತಾಲ್ಲೂಕಿನ ಯಾವಗಲ್ ಆಗಲಿ, ನರಗುಂದ, ಗಜೇಂದ್ರಗಡಗಳ ಸುತ್ತಿನ ಯಾವುದೇ ಹಳ್ಳಿಯಾಗಲಿ, ಎಷ್ಟೋ ಮನೆಗಳಲ್ಲಿ ಅದು ಒಂದು ಬಟ್ಟಲು ಚಹಾ ಮತ್ತು ಅದರಲ್ಲಿ ಅದ್ದಿದ ನಾಲ್ಕು ಅಂಗಡಿ ಬಿಸ್ಕತ್ತು. ಪಡಸಾಲೆಯಲ್ಲಿ ಜೋಳದ ಚೀಲಗಳಿರುತ್ತವೆ, ಡಬ್ಬಿಯಲ್ಲಿ ಕಡಲೆ ಇರುತ್ತದೆ, ಹಿತ್ತಲಲ್ಲಿ ಎಮ್ಮೆ ಕಟ್ಟಿರುತ್ತದೆ. ಆದರೂ ಮಗುವಿನ ಹೊಟ್ಟೆಗೆ ಮೊದಲು ಹೋಗುವುದು ಎಲ್ಲಿಯೋ ಬೆಳೆದು ಎಲ್ಲಿಯೋ ಬೀಸಿದ ಮೈದಾ.

ಇದಕ್ಕೆ ತಾಯಂದಿರನ್ನು ದೂರಿ ಪ್ರಯೋಜನವಿಲ್ಲ. ನಸುಕಿನಲ್ಲೆದ್ದು ದನದ ಕೆಲಸ, ನೀರು, ರೊಟ್ಟಿ, ಬುತ್ತಿ ಎಲ್ಲವನ್ನೂ ಮುಗಿಸಿ ಹೊಲಕ್ಕೆ ಹೊರಡುವ ಹೆಣ್ಣುಮಗಳಿಗೆ ಅಳುವ ಮಗುವಿನ ಕೈಗೆ ಪೊಟ್ಟಣ ಕೊಡುವುದು ಸುಲಭವಾಗಿ ಕಾಣುವುದು ಸಹಜ. ಪೊಟ್ಟಣವನ್ನು ಒಮ್ಮೆಲೇ ಬಿಟ್ಟುಬಿಡಿರಿ ಎಂದು ನಾವು ಹೇಳುತ್ತಿಲ್ಲ. ಹದಿನೈದು ದಿನಕ್ಕೊಮ್ಮೆ, ನಿಮ್ಮದೇ ಕಾಳಿನ ಹಿಟ್ಟಿನಿಂದ, ನಿಮ್ಮದೇ ಒಲೆಯ ಮೇಲೆ, ನಿಮ್ಮ ಮಕ್ಕಳನ್ನು ಜೊತೆಗೆ ಕೂಡ್ರಿಸಿಕೊಂಡು ಬಿಸ್ಕತ್ತು ಮಾಡಿ ನೋಡಿರಿ ಎಂಬುದಷ್ಟೇ ನಮ್ಮ ಸೂಚನೆ. ಇದರಿಂದ ಮಗುವಿಗೆ ಆಗುವ ಲಾಭವು ತಿಂಡಿಯ ಲಾಭಕ್ಕಿಂತ ದೊಡ್ಡದು ಎಂಬುದು ನಮ್ಮ ಅಭಿಪ್ರಾಯ.

ಕಾಳು ಹೋಗುವ ದಾರಿ

ಎರೆಭೂಮಿಯ ರೈತನಿಗೆ ಕಾಳಿನ ಬೆಲೆ ಚೆನ್ನಾಗಿ ಗೊತ್ತು. ಹಿಂಗಾರಿ ಜೋಳವನ್ನೂ ಕಡಲೆಯನ್ನೂ ರಾಶಿ ಮಾಡಿ, ಚೀಲ ತುಂಬಿ, ಪೇಟೆಗೆ ಒಯ್ದು ಸವಾಲಿನಲ್ಲಿ ಬಂದ ದರಕ್ಕೆ ಕೊಟ್ಟು ಬರುತ್ತಾನೆ. ಅದೇ ಪೇಟೆಯಿಂದ ಬರುವಾಗ ಮಕ್ಕಳಿಗೆಂದು ಬಿಸ್ಕತ್ತಿನ ಪೊಟ್ಟಣ ತರುತ್ತಾನೆ. ಒಮ್ಮೆ ಆ ಪೊಟ್ಟಣದ ಮೇಲೆ ಬರೆದ ಗ್ರಾಂ ತೂಕವನ್ನು ನೋಡಿ, ಒಂದು ಕಿಲೋಗ್ರಾಮಿಗೆ ಎಷ್ಟು ಬಿತ್ತೆಂದು ಲೆಕ್ಕ ಹಾಕಿ, ತಾನು ಮಾರಿದ ಜೋಳದ ದರದ ಪಕ್ಕಕ್ಕೆ ಇಟ್ಟು ನೋಡಲಿ. ಶಾಲೆಗೆ ಹೋಗುವ ಮಕ್ಕಳಿಂದಲೇ ಈ ಲೆಕ್ಕ ಮಾಡಿಸಿದರೆ ಇನ್ನೂ ಒಳ್ಳೆಯದು.

ಪೊಟ್ಟಣದ ಮೇಲೆ ಇನ್ನೊಂದು ಸಂಗತಿಯನ್ನೂ ಓದಬೇಕು. ಅದರಲ್ಲಿ ಸೇರಿಸಿದ ಸಾಮಗ್ರಿಗಳ ಹೆಸರನ್ನು ಹೆಚ್ಚು ಇರುವುದರಿಂದ ಕಡಿಮೆ ಇರುವುದರ ಕ್ರಮದಲ್ಲಿ ಅಚ್ಚು ಹಾಕಬೇಕೆಂಬ ನಿಯಮ ಇದೆ. ಮೊದಲ ಮೂರು ಹೆಸರನ್ನು ಓದಿದರೆ ಸಾಕು, ಆ ಬಿಸ್ಕತ್ತು ಏನೆಂದು ತಿಳಿಯುತ್ತದೆ. ಸಾಮಾನ್ಯವಾಗಿ ಅವು ಮೈದಾ, ಸಕ್ಕರೆ ಮತ್ತು ತಾಳೆ ಎಣ್ಣೆ ಆಗಿರುತ್ತವೆ. ಪೊಟ್ಟಣದ ಮೇಲೆ ದೊಡ್ಡದಾಗಿ ಚಿತ್ರ ಬರೆದ ಹಾಲು, ಗೋಧಿ ತೆನೆ, ಬಾದಾಮಿ ಇವುಗಳ ಹೆಸರು ಆ ಪಟ್ಟಿಯಲ್ಲಿ ಎಷ್ಟನೆಯದಾಗಿ ಬರುತ್ತದೆ ಎಂದು ಹುಡುಕಲು ಮಕ್ಕಳಿಗೆ ಹೇಳಿರಿ.

2023ನೆಯ ಇಸವಿಯನ್ನು ವಿಶ್ವಸಂಸ್ಥೆಯು ಭಾರತದ ಸೂಚನೆಯಂತೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಆ ಸಿರಿಧಾನ್ಯಗಳ ಸಾಲಿನಲ್ಲಿ ನಮ್ಮ ಜೋಳ, ಸಜ್ಜೆ, ನವಣೆಗಳೂ ಇವೆ. ಈಗ ದೊಡ್ಡ ಪಟ್ಟಣಗಳ ಅಂಗಡಿಗಳಲ್ಲಿ ಜೋಳದ ಬಿಸ್ಕತ್ತು, ಸಜ್ಜೆಯ ಬಿಸ್ಕತ್ತುಗಳನ್ನು ಅಂದದ ಪೆಟ್ಟಿಗೆಯಲ್ಲಿಟ್ಟು ಹೆಚ್ಚಿನ ಬೆಲೆಗೆ ಮಾರುತ್ತಾರೆ. ಪಟ್ಟಣದ ತಾಯಿ ತನ್ನ ಮಗುವಿಗೆ ಒಳ್ಳೆಯದೆಂದು ಅದನ್ನು ಕೊಳ್ಳುತ್ತಾಳೆ. ಜೋಳ ಬೆಳೆದವನ ಮಗು ಮೈದಾ ಬಿಸ್ಕತ್ತು ತಿನ್ನುತ್ತದೆ. ರಾಜ್ಯದಲ್ಲಿ ಜೋಳದ ಕ್ಷೇತ್ರವು ಕೆಲವು ದಶಕಗಳಿಂದ ಕುಗ್ಗುತ್ತ ಬಂದಿದೆ. ಬೆಳೆಯುವ ಮನೆಯಲ್ಲಿಯೇ ಜೋಳ ತಿನ್ನುವ ರೂಢಿ ತಪ್ಪಿದರೆ ಮುಂದೆ ಅದನ್ನು ಬಿತ್ತುವವರು ಯಾರು ಎಂಬುದನ್ನು ಈಗಲೇ ಯೋಚಿಸಬೇಕಾಗಿದೆ.

ಬಿಸ್ಕತ್ತು ನಮ್ಮ ತಿನಿಸಲ್ಲವೇ?

"ಬಿಸ್ಕತ್ತು ಪರದೇಶದವರ ತಿನಿಸು, ನಮಗೇಕೆ ಅದರ ಉಸಾಬರಿ?" ಎಂದು ಕೆಲವು ಹಿರಿಯರು ಕೇಳಬಹುದು. ಹೆಸರು ಪರದೇಶದ್ದೇ ಸರಿ. ಲ್ಯಾಟಿನ್ ಭಾಷೆಯಲ್ಲಿ ಆ ಮಾತಿಗೆ "ಎರಡು ಸಲ ಬೇಯಿಸಿದ್ದು" ಎಂದು ಅರ್ಥ. ಹಿಂದೆ ಹಡಗಿನಲ್ಲಿ ಹೋಗುವವರು ಮತ್ತು ದಂಡಿನವರು ಹಿಟ್ಟು ನೀರು ಕಲಸಿ, ಬೇಯಿಸಿ, ತೇವ ಹೋಗುವಂತೆ ಒಣಗಿಸಿ, ತಿಂಗಳುಗಟ್ಟಲೆ ಕೆಡದ ಗಟ್ಟಿ ಬಿಲ್ಲೆಗಳನ್ನು ಜೊತೆಗೆ ಒಯ್ಯುತ್ತಿದ್ದರು.

ಈಗ ನಮ್ಮ ಕಡಕ್ ರೊಟ್ಟಿಯನ್ನು ನೆನೆಯಿರಿ. ರೊಟ್ಟಿಯನ್ನು ತೆಳ್ಳಗೆ ಬಡಿದು ಹಂಚಿನ ಮೇಲೆ ಒಮ್ಮೆ ಬೇಯಿಸುತ್ತೇವೆ. ಆಮೇಲೆ ಒಲೆಯ ಮಗ್ಗುಲಿಗೆ ಕೆಂಡದ ಕಾವಿಗೆ ನಿಲ್ಲಿಸಿ ಗರಿಗರಿ ಆಗುವವರೆಗೆ ಇನ್ನೊಮ್ಮೆ ಸುಡುತ್ತೇವೆ. ಬಟ್ಟೆಯಲ್ಲಿ ಸುತ್ತಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯೂ ಹಾಗೆಯೇ. ಎರಡು ಸಲ ಬೇಯಿಸಿ, ತೇವ ತೆಗೆದು, ಬಹುದಿನ ಇಡುವ ವಿದ್ಯೆ ನಮ್ಮ ಅಜ್ಜಿಯರ ಕೈಯಲ್ಲಿ ಮೊದಲಿನಿಂದಲೂ ಇದೆ. ಅದಕ್ಕೆ ಸ್ವಲ್ಪ ಬೆಲ್ಲ, ಸ್ವಲ್ಪ ತುಪ್ಪ ಸೇರಿಸಿ ಮಗುವಿನ ಅಂಗೈಗೆ ಹಿಡಿಸುವ ಅಳತೆಗೆ ತಂದರೆ ಬಿಸ್ಕತ್ತು ಆಗುತ್ತದೆ.

ಜೋಳದ ಹಿಟ್ಟಿನ ಗುಣ

ಜೋಳದ ಹಿಟ್ಟಿನಲ್ಲಿ ಗೋಧಿಯಲ್ಲಿರುವಂಥ ಜಿಗುಟು ಇಲ್ಲ. ಆದ್ದರಿಂದಲೇ ರೊಟ್ಟಿಗೆ ಕುದಿಯುವ ನೀರು ಹಾಕಿ ನಾದಬೇಕಾಗುತ್ತದೆ. ಆದ್ದರಿಂದಲೇ ಜೋಳದ ಹಿಟ್ಟಿನಿಂದ ಉಬ್ಬುವ ಬ್ರೆಡ್ಡು ಆಗುವುದಿಲ್ಲ. ಆದರೆ ಬಿಸ್ಕತ್ತಿಗೆ ಜಿಗುಟು ಬೇಕಿಲ್ಲ. ಅದು ಹೆಚ್ಚಾದರೆ ಬಿಸ್ಕತ್ತು ಬಿರುಸಾಗುತ್ತದೆ. ಬಾಯಲ್ಲಿಟ್ಟರೆ ಪುಡಿಯಾಗುವ ಬಿಸ್ಕತ್ತಿಗೆ ಜೋಳದ ಹಿಟ್ಟು ಹೇಳಿ ಮಾಡಿಸಿದಂತಿದೆ. ಬಿಲ್ಲೆ ಒಡೆಯದಂತೆ ಹಿಡಿಯಲು ಸಮಪ್ರಮಾಣದ ಗೋಧಿ ಹಿಟ್ಟು ಸೇರಿಸಿದರೆ ಸಾಕು.

ಪೋಷಣೆಯ ದೃಷ್ಟಿಯಿಂದಲೂ ಈ ಬೆರಕೆ ಒಳ್ಳೆಯದು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಪಟ್ಟಿಯಂತೆ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿನಂಶ ಇದ್ದರೆ, ಅಷ್ಟೇ ಮೈದಾದಲ್ಲಿ 3 ಗ್ರಾಂ ಸಹ ಇಲ್ಲ. ಕಡಲೆ ಹಿಟ್ಟಿನಲ್ಲಿ ಪ್ರೋಟೀನು 100 ಗ್ರಾಮಿಗೆ 20 ಗ್ರಾಮಿಗೂ ಹೆಚ್ಚು. ಏಕದಳ ಧಾನ್ಯದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಬೇಳೆಕಾಳಿನಲ್ಲಿ ಅದು ಹೆಚ್ಚು. ಬೇಳೆಯಲ್ಲಿ ಕೊರತೆಯಾದ ಮೆಥಿಯೊನಿನ್ ಧಾನ್ಯದಲ್ಲಿ ಸಿಗುತ್ತದೆ. ಜೋಳ ಮತ್ತು ಕಡಲೆ ಒಂದೇ ಬಿಲ್ಲೆಯಲ್ಲಿ ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ರೊಟ್ಟಿಯೊಂದಿಗೆ ಬೇಳೆ, ಕಾಳುಪಲ್ಯ ಉಣ್ಣುವ ನಮ್ಮ ಊಟದ ಕ್ರಮದಲ್ಲಿಯೂ ಇದೇ ವಿವೇಕ ಅಡಗಿದೆ.

ಮಾಡುವ ಬಗೆ

ಬೇಕಾಗುವ ಸಾಮಗ್ರಿ: ಜೋಳದ ಹಿಟ್ಟು 100 ಗ್ರಾಂ, ಗೋಧಿ ಹಿಟ್ಟು 100 ಗ್ರಾಂ, ಕಡಲೆ ಹಿಟ್ಟು 50 ಗ್ರಾಂ, ಬೆಲ್ಲದ ಪುಡಿ 90 ಗ್ರಾಂ, ತುಪ್ಪ 100 ಗ್ರಾಂ, ಬೇಕಿಂಗ್ ಪೌಡರು ಅರ್ಧ ಚಹಾ ಚಮಚ, ಚಿಟಿಕೆ ಉಪ್ಪು, ಎರಡು ಏಲಕ್ಕಿಯ ಪುಡಿ, ಕಲಸಲು ಎರಡು ಮೂರು ಚಮಚ ಹಾಲು. ಇಷ್ಟರಲ್ಲಿ ಸುಮಾರು 30 ಬಿಸ್ಕತ್ತು ಆಗುತ್ತವೆ.

1. ಮೂರೂ ಹಿಟ್ಟನ್ನು ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿದು ಆರಿಸಿರಿ. ಹುರಿದರೆ ಕಡಲೆಯ ಹಸಿವಾಸನೆ ಹೋಗುತ್ತದೆ. ಬೇಕಿಂಗ್ ಪೌಡರು, ಉಪ್ಪು ಸೇರಿಸಿ ಎರಡು ಸಲ ಜರಡಿ ಹಿಡಿಯಿರಿ.

2. ಪರಾತದಲ್ಲಿ ಗಟ್ಟಿ ತುಪ್ಪ ಮತ್ತು ಬೆಲ್ಲದ ಪುಡಿಯನ್ನು ಅಂಗೈಯಿಂದ ಚೆನ್ನಾಗಿ ತಿಕ್ಕಿರಿ. ಬಣ್ಣ ತಿಳಿಯಾಗಿ ಹಗುರಾಗಬೇಕು. ಏಲಕ್ಕಿ ಪುಡಿ ಮತ್ತು ಹಿಟ್ಟನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ, ಬೇಕಾದಷ್ಟೇ ಹಾಲು ಚಿಮುಕಿಸಿ ಉಂಡೆಗೆ ಬರುವಂತೆ ಕೂಡಿಸಿರಿ. ರೊಟ್ಟಿ ಹಿಟ್ಟಿನಂತೆ ನಾದಬಾರದು.

3. ದಪ್ಪ ತಳದ ಬೋಗುಣಿಯಲ್ಲಿ ತೊಳೆದು ಒಣಗಿಸಿದ ಉಸುಕನ್ನು ಒಂದು ಇಂಚಿನಷ್ಟು ಹರಡಿ, ಮುಚ್ಚಳ ಮುಚ್ಚಿ, ಹತ್ತು ನಿಮಿಷ ಕಾಯಿಸಿರಿ. ಉಸುಕಿನ ಮೇಲೆ ಒಂದು ಚಿಕ್ಕ ಸಿಂಬಿ ಅಥವಾ ಮೂರು ಕಲ್ಲಿನ ಹರಳು ಇಟ್ಟು, ಅದರ ಮೇಲೆ ತುಪ್ಪ ಸವರಿದ ತಾಟಿನಲ್ಲಿ ಬಿಲ್ಲೆಗಳನ್ನು ನಡುವೆ ಅಂತರ ಬಿಟ್ಟು ಇಡಿರಿ.

4. ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ ಬೇಯಿಸಿರಿ. ಕಟ್ಟಿಗೆ ಒಲೆಯಾದರೆ ಉರಿಯುವ ಕಟ್ಟಿಗೆಯನ್ನು ಹೊರಗೆಳೆದು ಕೆಂಡ ಮಾತ್ರ ಉಳಿಸಿ, ಮುಚ್ಚಳದ ಮೇಲೆಯೂ ನಾಲ್ಕು ಕೆಂಡ ಇಟ್ಟರೆ ಎರಡೂ ಮಗ್ಗುಲು ಸಮನಾಗಿ ಬೇಯುತ್ತವೆ. ಬೆಲ್ಲ ಬೇಗ ಕಂದುವುದರಿಂದ ಉರಿ ಹೆಚ್ಚಿಸಬಾರದು.

5. ಅಂಚು ಕೆಂಪಗಾದೊಡನೆ ಇಳಿಸಿರಿ. ಬಿಸಿಯಿದ್ದಾಗ ಬಿಸ್ಕತ್ತು ಮೆತ್ತಗೆ ಇರುತ್ತದೆ, ಆರಿದ ಮೇಲೆ ಗಟ್ಟಿಯಾಗುತ್ತದೆ. ಪೂರ್ತಿ ಆರಿಸಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಎಂಟು ಹತ್ತು ದಿನ ಚೆನ್ನಾಗಿರುತ್ತದೆ.

ಬೇಕಿಂಗ್ ಪೌಡರು ಇಲ್ಲವೆಂದು ಅಡಿಗೆ ಸೋಡಾವನ್ನು ಕೈಗೆ ಬಂದಷ್ಟು ಹಾಕಬಾರದು. ಸೋಡಾ ಹೆಚ್ಚಾದರೆ ಸಾಬೂನಿನ ರುಚಿ ಬರುತ್ತದೆ ಮತ್ತು ಹಿಟ್ಟಿನಲ್ಲಿರುವ ಬಿ ಜೀವಸತ್ವ ನಾಶವಾಗುತ್ತದೆ. ಎರಡೂ ಇಲ್ಲದೆ ಮಾಡಿದರೂ ಬಿಸ್ಕತ್ತು ಆಗುತ್ತದೆ, ಸ್ವಲ್ಪ ಗಟ್ಟಿಯಾಗಿರುತ್ತದೆ ಅಷ್ಟೆ.

ಯಾವ ಮಗುವಿಗೆ ಯಾವ ಕೆಲಸ

ಮಕ್ಕಳಿಗೆ ಇದೆಲ್ಲ ಎಲ್ಲಿ ಬರುತ್ತದೆ ಎನ್ನುವವರು ಮಣ್ಣೆತ್ತಿನ ಅಮಾವಾಸ್ಯೆಯನ್ನು ನೆನೆಯಲಿ. ಎರೆಮಣ್ಣು ತಂದು, ಹದ ಮಾಡಿ, ಕೋಡು, ಹಿಣಿಲು, ಗ್ವಾದಲಿ ಸಮೇತ ಎತ್ತುಗಳನ್ನು ಮಾಡಿ ನಿಲ್ಲಿಸುವ ಕೈಗಳಿಗೆ ಒಂದು ಬಿಲ್ಲೆ ತಟ್ಟುವುದು ಕಷ್ಟವೇ? ಪಂಚಮಿಯಲ್ಲಿ ಉಂಡಿ ಕಟ್ಟುವಾಗ, ಅಳ್ಳಿಟ್ಟು ಮಾಡುವಾಗ ಹಿಂದೆ ಮಕ್ಕಳು ಪರಾತದ ಸುತ್ತಲೇ ಇರುತ್ತಿದ್ದರು. ಕೆಲಸ ಕಲಿತದ್ದು ಅಲ್ಲಿಯೇ.

ಮೂರರಿಂದ ಐದು ವರ್ಷದ ಮಕ್ಕಳಿಗೆ ಉಂಡೆ ಮಾಡಿ ತಟ್ಟುವುದು, ಬಿಲ್ಲೆಯ ಮೇಲೆ ಬೆರಳ ಗುರುತು ಮೂಡಿಸುವುದು, ಎಳ್ಳು ಒತ್ತುವುದು ಈ ಕೆಲಸ ಕೊಡಿರಿ. ಬಿಲ್ಲೆ ಸೊಟ್ಟಗಾದರೆ ತಿದ್ದಬೇಡಿರಿ. ಬೆಂದ ಮೇಲೆ ತನ್ನ ಬಿಲ್ಲೆ ಯಾವುದೆಂದು ಮಗು ತಾನೇ ಗುರುತು ಹಿಡಿಯುತ್ತದೆ. ಆರರಿಂದ ಒಂಬತ್ತು ವರ್ಷದವರು ತಕ್ಕಡಿಯಲ್ಲಿ ಹಿಟ್ಟು ತೂಗಲಿ, ಜರಡಿ ಹಿಡಿಯಲಿ, ತುಪ್ಪ ಬೆಲ್ಲ ತಿಕ್ಕಲಿ. ಅರ್ಧ, ಕಾಲು, ಮುಕ್ಕಾಲು ಎಂಬ ಲೆಕ್ಕ ಪಾಟಿಯ ಮೇಲೆ ತಿಳಿಯದಿದ್ದರೆ ತಕ್ಕಡಿಯಲ್ಲಿ ತಿಳಿಯುತ್ತದೆ. ಹತ್ತು ದಾಟಿದವರು ಹಿರಿಯರ ಜೊತೆ ನಿಂತು ಗಡಿಯಾರ ನೋಡಲಿ, ಎಷ್ಟು ಖರ್ಚಾಯಿತು ಎಂದು ಬರೆದಿಡಲಿ.

ಕೈಕೆಲಸದ ಮೂಲಕವೇ ಮಗು ಓದು ಬರಹ ಕಲಿಯಬೇಕೆಂದು ಗಾಂಧೀಜಿಯವರು 1937ರಲ್ಲಿ ವಾರ್ಧಾದಲ್ಲಿ ಶಿಕ್ಷಣ ಸಮ್ಮೇಳನದ ಮುಂದೆ ಇಟ್ಟರು. ಅವರು ಆಗ ನೂಲುವುದನ್ನು ಮುಖ್ಯವಾಗಿ ಹೇಳಿದರು. ರೈತನ ಮನೆಯಲ್ಲಿ ಕಾಳು ಹಸನು ಮಾಡುವುದರಿಂದ ಹಿಡಿದು ತಿಂಡಿ ಬೇಯಿಸುವವರೆಗಿನ ಕೆಲಸವೂ ಅಂಥದೇ ಪಾಠ. ಮಗು ಮೊದಲು ಮೊರದಲ್ಲಿ ಜೋಳ ಹಸನು ಮಾಡುವುದನ್ನು ನೋಡಲಿ, ಅಪ್ಪನ ಜೊತೆ ಗಿರಣಿಗೆ ಹೋಗಿ ಹಿಟ್ಟು ಬೀಳುವುದನ್ನು ನೋಡಲಿ. ಇದು ಮಾಲದಂಡಿ ಜೋಳ, ಇದು ನಮ್ಮ ಹೊಲದ ಕಡಲೆ ಎಂದು ಅದಕ್ಕೆ ಹೆಸರು ಹೇಳಿ ತೋರಿಸಿರಿ. ಕೈಯಾರೆ ಮಾಡಿದ್ದನ್ನು ಮಗು ಬೇಡವೆನ್ನುವುದು ಅಪರೂಪ. ಜೋಳವೆಂದರೆ ಮುಖ ತಿರುಗಿಸುವ ಮಗುವೂ ತಾನು ತಟ್ಟಿದ ಜೋಳದ ಬಿಲ್ಲೆಯನ್ನು ನೆರೆಮನೆಯವರಿಗೆ ತೋರಿಸಿ ತಿನ್ನುತ್ತದೆ.

ಒಂದು ಮಾತನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಇದು ಹೆಣ್ಣುಮಕ್ಕಳ ಕೆಲಸವೆಂದು ಗಂಡು ಹುಡುಗನನ್ನು ಎಬ್ಬಿಸಿ ಹೊರಗೆ ಕಳಿಸಬೇಡಿರಿ. ಹಿಟ್ಟು ಕಲಸಲು ಕಲಿತ ಹುಡುಗ ಮುಂದೆ ಹೆಂಡತಿಯ ದುಡಿಮೆಯ ಬೆಲೆ ಅರಿತ ಗಂಡಸಾಗುತ್ತಾನೆ. ಹಾಗೆಯೇ ಮಗುವಿಗೆ ಬೇಸರ ಬಂದು ಎದ್ದು ಹೋದರೆ ಹೋಗಲಿ. ಮಕ್ಕಳನ್ನು ದುಡಿಸುವುದು ನಮ್ಮ ಉದ್ದೇಶವಲ್ಲ.

ಎಚ್ಚರಿಕೆಯ ಮಾತು

ಬಿತ್ತನೆಗೆಂದು ಔಷಧಿ ಲೇಪಿಸಿದ ಬೀಜವನ್ನು ಉಳಿದಿದೆಯೆಂದು ಎಂದಿಗೂ ಹಿಟ್ಟಿಗೆ ಬಳಸಬೇಡಿರಿ. ತೊಳೆದರೂ ಅದು ತಿನ್ನಲು ಯೋಗ್ಯವಲ್ಲ. ಹುಳದ ಗುಳಿಗೆ ಇಟ್ಟ ಚೀಲದ ಕಾಳನ್ನೂ ಇದಕ್ಕೆ ಮುಟ್ಟಬೇಡಿರಿ. ಮನೆಬಳಕೆಯ ಕಾಳನ್ನು ಚೆನ್ನಾಗಿ ಒಣಗಿಸಿ, ಗುಳಿಗೆ ಇಲ್ಲದೆ ಬೇರೆಯಾಗಿಯೇ ಇಡುವುದು ಕ್ಷೇಮ. ಕೀಟನಾಶಕದ ಡಬ್ಬಿ, ತಗಡುಗಳನ್ನು ಎಷ್ಟೇ ತಿಕ್ಕಿ ತೊಳೆದಿದ್ದರೂ ಬೇಯಿಸುವುದಕ್ಕಾಗಲಿ ಬಿಸ್ಕತ್ತು ತುಂಬಿಡುವುದಕ್ಕಾಗಲಿ ಬಳಸಬಾರದು. ಹೊಲದಲ್ಲಿ ಔಷಧಿ ಹೊಡೆದು ಬಂದವರು ಸ್ನಾನ ಮಾಡಿ, ಬಟ್ಟೆ ಬದಲಿಸಿದ ಮೇಲೆಯೇ ಹಿಟ್ಟಿನ ಹತ್ತಿರ ಬರಲಿ.

ಕಾದ ಉಸುಕು ಬಹಳ ಹೊತ್ತು ಬಿಸಿ ಹಿಡಿದಿಟ್ಟುಕೊಳ್ಳುತ್ತದೆ. ಬೋಗುಣಿಯನ್ನು ಒಲೆಗೆ ಇಡುವುದು, ಇಳಿಸುವುದು, ಮುಚ್ಚಳ ತೆಗೆಯುವುದು ದೊಡ್ಡವರ ಕೆಲಸ. ಮಕ್ಕಳ ಪರಾತ ಒಲೆಯಿಂದ ದೂರವಿರಲಿ. ಚಿಕ್ಕ ಮಕ್ಕಳು ತಿನ್ನುವ ಬಿಸ್ಕತ್ತಿಗೆ ಶೇಂಗಾದ ಇಡೀ ಕಾಳು ಹಾಕಬೇಡಿರಿ, ಗಂಟಲಲ್ಲಿ ಸಿಕ್ಕೀತು. ಮನೆಯಲ್ಲಿ ಮಾಡಿದ್ದೆಂದು ಬೇಕಾದಷ್ಟು ತಿನ್ನಿಸಲೂಬಾರದು. ಬೆಲ್ಲ ಬೆಲ್ಲವೇ, ತುಪ್ಪ ತುಪ್ಪವೇ. ದಿನಕ್ಕೆ ಎರಡು ಸಾಕು. ಊಟದ ಹೊತ್ತಿಗೆ ರೊಟ್ಟಿ, ಪಲ್ಯ, ಮೊಸರು ಇದ್ದೇ ಇರಬೇಕು. ಸಣ್ಣ ಮಕ್ಕಳಿಗೆ ಚಹಾ ಬಿಡಿಸಿ ಹಾಲನ್ನೇ ಕೊಡಿರಿ.

ಹೊತ್ತು ಎಲ್ಲಿದೆ, ಖರ್ಚು ಎಷ್ಟು

ಈ ಸೂಚನೆಗೆ ಬರುವ ದೊಡ್ಡ ಆಕ್ಷೇಪಣೆ ಹೊತ್ತಿನದು, ಮತ್ತು ಅದು ನ್ಯಾಯವಾದದ್ದೇ. ಈಗಾಗಲೇ ಬೆನ್ನು ಬಾಗುವಷ್ಟು ಕೆಲಸವಿರುವ ತಾಯಿಯ ತಲೆಯ ಮೇಲೆ ಇದನ್ನೂ ಹೊರಿಸುವುದಾದರೆ ಮಾಡದಿರುವುದೇ ಲೇಸು. ಆದ್ದರಿಂದ ನಾವು ಗಂಡಸರಿಗೆ ಹೇಳುತ್ತಿದ್ದೇವೆ. ಹಿಟ್ಟು ಬೀಸಿಸಿ ತರುವುದು, ಉಸುಕು ತೊಳೆದು ಒಣಗಿಸುವುದು, ಕೆಂಡ ನೋಡಿಕೊಳ್ಳುವುದು, ಕೊನೆಗೆ ಪಾತ್ರೆ ತಿಕ್ಕುವುದು ನಿಮ್ಮ ಪಾಲಿಗಿರಲಿ. ಎರೆಹೊಲಕ್ಕೆ ಒಳ್ಳೆಯ ಮಳೆ ಬಿದ್ದರೆ ಎರಡು ಮೂರು ದಿನ ಕಾಲಿಡಲು ಬರುವುದಿಲ್ಲ. ಬೆಣ್ಣೆಹಳ್ಳ ತುಂಬಿ ಹರಿದಾಗ ಅದರ ದಂಡೆಯ ಹೊಲಗಳ ಕೆಲಸ ಇನ್ನೂ ಹೆಚ್ಚು ದಿನ ನಿಲ್ಲುತ್ತದೆ. ಅಮಾವಾಸ್ಯೆಗೆ ಎತ್ತು ಹೂಡುವುದಿಲ್ಲ. ಇಂಥ ದಿನ ಕಟ್ಟೆಯ ಮೇಲೆ ಕಳೆಯುವ ಎರಡು ತಾಸನ್ನು ಮಕ್ಕಳೊಂದಿಗೆ ಒಲೆಯ ಮುಂದೆ ಕಳೆದರೆ ರೈತನ ಮರ್ಯಾದೆಗೇನೂ ಕುಂದು ಬರುವುದಿಲ್ಲ.

ಖರ್ಚಿನ ವಿಷಯದಲ್ಲಿ ಸುಳ್ಳು ಆಸೆ ತೋರಿಸುವುದು ಸರಿಯಲ್ಲ. ತುಪ್ಪವನ್ನು ಅಂಗಡಿಯಿಂದ ತಂದರೆ ಮನೆಯ ಬಿಸ್ಕತ್ತು ಪೊಟ್ಟಣದ ಬಿಸ್ಕತ್ತಿಗಿಂತ ಅಗ್ಗವಾಗುವುದಿಲ್ಲ. ಮನೆಯಲ್ಲಿಯೇ ಹೈನು ಇದ್ದು ಬೆಣ್ಣೆ ಕಾಯಿಸುವವರಿಗೆ ಮಾತ್ರ ಲೆಕ್ಕ ಸರಿಹೋದೀತು. ಹಣ ಉಳಿಸುವುದೊಂದೇ ಗುರಿಯಾದರೆ ಹುರಿದ ಕಡಲೆ, ಬೆಲ್ಲ, ಅಳ್ಳಿಟ್ಟು ಇವುಗಳನ್ನು ಮೀರಿಸಿದ ತಿಂಡಿ ಇಲ್ಲ, ಅವನ್ನೂ ಬಿಡಬೇಡಿರಿ. ಬಿಸ್ಕತ್ತಿನ ಪ್ರಯೋಜನ ಬೇರೆ. ಮಗುವಿಗೆ ಬಿಸ್ಕತ್ತಿನ ಆಸೆ ಹುಟ್ಟಿಯಾಗಿದೆ, ಬೈದು ಅದನ್ನು ಬಿಡಿಸಲು ಆಗುವುದಿಲ್ಲ. ಆ ಆಸೆಯನ್ನೇ ಹಿಡಿದುಕೊಂಡು ಮಗುವನ್ನು ನಮ್ಮ ಜೋಳದ ಕಡೆಗೆ ತಿರುಗಿಸಲು ಸಾಧ್ಯವಿದೆ.

ಕಲಿಯುವ ಇಚ್ಛೆ ಇರುವವರಿಗೆ ಸಹಾಯ ದೂರವಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ 1974ರಲ್ಲಿ ಗ್ರಾಮೀಣ ಗೃಹ ವಿಜ್ಞಾನ ಮಹಾವಿದ್ಯಾಲಯವೆಂದು ಆರಂಭವಾದ ಸಂಸ್ಥೆ ಈಗ ಸಮುದಾಯ ವಿಜ್ಞಾನ ಮಹಾವಿದ್ಯಾಲಯವಾಗಿದೆ. ಜೋಳ ಮತ್ತು ಸಿರಿಧಾನ್ಯಗಳ ತಿನಿಸುಗಳ ಬಗ್ಗೆ ಅಲ್ಲಿ ಕೆಲಸ ನಡೆದಿದೆ. ಗದಗ ಜಿಲ್ಲೆಯವರಿಗೆ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರವೂ ಇದೆ. ಕೃಷಿ ಮೇಳಕ್ಕೆ ಹೋದಾಗ ಟ್ರ್ಯಾಕ್ಟರು, ಬೀಜಗಳ ಮಳಿಗೆ ನೋಡಿ ತಿರುಗಿ ಬರುವ ಬದಲು ಮನೆಯವರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗಿ ಆಹಾರ ವಿಭಾಗದ ಮಳಿಗೆಗಳನ್ನೂ ನೋಡಿರಿ. ಸ್ತ್ರೀಶಕ್ತಿ ಗುಂಪಿನವರು ಇದನ್ನೇ ಮಾಡಿ ಮಾರಲು ಹೊರಟರೆ ಆಹಾರ ಸುರಕ್ಷತಾ ನೋಂದಣಿ ಮಾಡಿಸಬೇಕಾಗುತ್ತದೆ. ಮನೆಯ ಮಕ್ಕಳಿಗೆ ಮಾಡಿಕೊಡಲು ಯಾರ ಅಪ್ಪಣೆಯೂ ಬೇಕಿಲ್ಲ.

ರೈತ ಬಾಂಧವರೇ, ನಿಮ್ಮ ಮಗ ಅಥವಾ ಮಗಳು ಮುಂದೆ ಒಕ್ಕಲುತನ ಮಾಡುವರೋ ಪಟ್ಟಣ ಸೇರುವರೋ ಇಂದು ಹೇಳಲು ಬರುವುದಿಲ್ಲ. ಎಲ್ಲಿಯೇ ಇದ್ದರೂ ಜೋಳದ ಹಿಟ್ಟನ್ನು ಬೆರಳಿನಿಂದ ಮುಟ್ಟಿ ಅದು ಯಾವ ಹಿಟ್ಟೆಂದು ಹೇಳುವಷ್ಟು ತಿಳಿವಳಿಕೆ ಅವರಿಗೆ ಇರಬೇಕು. ಬರುವ ಅಮಾವಾಸ್ಯೆಗೆ ಅರ್ಧ ಸೇರು ಜೋಳ ಹಸನು ಮಾಡಿಡಿರಿ. ಮೊದಲ ಸಲ ನಾಲ್ಕು ಬಿಲ್ಲೆ ಕರಕಲಾದರೆ ಎದೆಗುಂದಬೇಡಿರಿ, ಎರಡನೆಯ ತಾಟಿಗೆ ಕೆಂಡ ಕಡಿಮೆ ಮಾಡಿರಿ.